ಕರಾವಳಿಯ ಮನೆಗೆ ಹೋಮ್ ಥಿಯೇಟರ್: ಆರಿಸುವುದು ಹೇಗೆ, ಕೂರಿಸುವುದು ಹೇಗೆ

ಮಂಗಳೂರು, ಉಡುಪಿ ಕಡೆಯ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: "ಹಾಲ್‌ಗೆ ಒಂದು ಹೋಮ್ ಥಿಯೇಟರ್ ಹಾಕಿಸಬೇಕು, ಯಾವುದು ತೆಗೆದುಕೊಳ್ಳಲಿ?" ಈಗಾಗಲೇ ಸೆಟ್ ತಂದವರ ಪ್ರಶ್ನೆ ಬೇರೆ: "ಹೊಡೆದಾಟ ಬಂದರೆ ಮನೆಯೇ ಅದುರುತ್ತದೆ, ಮಾತು ಮಾತ್ರ ತಿಳಿಯುವುದಿಲ್ಲ. ರಿಮೋಟ್ ಕೈಯಲ್ಲೇ ಹಿಡಿದು ಕೂರಬೇಕು." ಮೊದಲನೆಯವರಿಗೆ ಸರಿಯಾದ ಉತ್ತರ ಸಿಕ್ಕಿದ್ದರೆ ಎರಡನೆಯ ಪ್ರಶ್ನೆ ಹುಟ್ಟುತ್ತಲೇ ಇರಲಿಲ್ಲ. ಮಾತು ಸ್ಪಷ್ಟವಾಗಿ ಕೇಳದ ಸೆಟ್ ಎಷ್ಟು ವಾಟ್ಸ್ ಇದ್ದರೂ ಪ್ರಯೋಜನವಿಲ್ಲ. ಆ ಸ್ಪಷ್ಟತೆ ಬರುವುದು ಮುಖ್ಯವಾಗಿ ನಿಮ್ಮ ಕೋಣೆಯಿಂದ ಮತ್ತು ಸ್ಪೀಕರ್ ಇಟ್ಟ ಜಾಗದಿಂದ. ಬ್ರ್ಯಾಂಡಿನ ಹೆಸರು ಆಮೇಲಿನದು. ಆದ್ದರಿಂದ ಅಂಗಡಿಗೆ ಹೋಗುವ ಮುಂಚೆ ಮನೆಯಿಂದಲೇ ಶುರುಮಾಡೋಣ.

ಕೈಗೆ ಬೇಕಾದದ್ದು ಇಷ್ಟು: ಅಳತೆ ಟೇಪು, ವಯರ್ ಸುಲಿಯುವ ಕಟ್ಟರ್, ಅಂಟಿಸಿ ಹೆಸರು ಬರೆಯಲು ಚೀಟಿ, ಕ್ಯಾಮೆರಾ ಸ್ಟ್ಯಾಂಡ್ ಇದ್ದರೆ ಒಂದು, ಸಣ್ಣ ಕನ್ನಡಿ, ಮತ್ತು ಅವಸರವಿಲ್ಲದ ಒಂದು ಭಾನುವಾರ.

1. ಕೋಣೆಯನ್ನು ನೋಡಿ, ಅಳೆಯಿರಿ

ಕೋಣೆಯ ಉದ್ದ, ಅಗಲ, ಎತ್ತರ ಬರೆದುಕೊಳ್ಳಿ. ಟಿವಿ ಎಲ್ಲಿ, ಸೋಫಾ ಎಲ್ಲಿ, ಬಾಗಿಲು ಕಿಟಕಿ ಎಲ್ಲಿ ಎಂದು ಒಂದು ನಕ್ಷೆ ಮಾಡಿ. ಆಮೇಲೆ ಕೋಣೆಯ ನಡುವೆ ನಿಂತು ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿ. ಸದ್ದು ತಟ್ಟನೆ ನಿಂತರೆ ಒಳ್ಳೆಯದು. "ಝಿಂಗ್" ಎಂದು ಗೋಡೆಯಿಂದ ಗೋಡೆಗೆ ಓಡಿದರೆ ನಿಮ್ಮ ಕೋಣೆ ಮಾತನ್ನು ಕೆಡಿಸುತ್ತದೆ ಎಂದೇ ಅರ್ಥ. ಸ್ಪೀಕರಿನಿಂದ ನೇರವಾಗಿ ಬಂದ ಮಾತಿನ ಮೇಲೆ ಗೋಡೆ, ನೆಲಕ್ಕೆ ಬಡಿದು ತಡವಾಗಿ ಬಂದ ಮಾತು ಕೂತುಬಿಡುತ್ತದೆ, ವ್ಯಂಜನಗಳು ಮಸುಕಾಗುತ್ತವೆ.

ಕದ್ರಿ, ಬಿಜೈ, ಮಣಿಪಾಲದ ಫ್ಲ್ಯಾಟುಗಳಲ್ಲಿ ಈ ತೊಂದರೆ ಹೆಚ್ಚು. ನೆಲಕ್ಕೆ ವಿಟ್ರಿಫೈಡ್ ಟೈಲ್ಸ್, ಒಂದು ಬದಿಗೆ ಬಾಲ್ಕನಿಯ ದೊಡ್ಡ ಗಾಜು, ಮೇಲೆ ಬರಿಯ ಸ್ಲ್ಯಾಬ್. ಸದ್ದನ್ನು ಹೀರಿಕೊಳ್ಳುವ ವಸ್ತು ಅಲ್ಲಿ ಸೋಫಾ ಒಂದೇ. ಹಳೆಯ ಹೆಂಚಿನ ಮನೆಯ ಚಾವಡಿ ಬೇರೆ ಥರ: ಕಾವಿ ನೆಲ ಗಟ್ಟಿಯೇ ಆದರೂ ಇಳಿಜಾರಿನ ಮಾಡು ಸದ್ದನ್ನು ಒಂದೇ ಕಡೆಗೆ ಹಿಂತಿರುಗಿಸುವುದಿಲ್ಲ, ಹೆಂಚಿನ ಸಂದುಗಳಲ್ಲಿ ಸ್ವಲ್ಪ ಹೊರಗೂ ಹೋಗುತ್ತದೆ. ಮರದ ಮುಚ್ಚಿಗೆ ಇದ್ದರೆ ಕೆಳಸ್ತರದ ಸದ್ದನ್ನು ಹಲಗೆಗಳು ಒಂದಿಷ್ಟು ನುಂಗುತ್ತವೆ. ಇಂಥ ಕೋಣೆಯಲ್ಲಿ ಮಾತು ಎಷ್ಟೋ ಸಲ ಹೊಸ ಫ್ಲ್ಯಾಟಿಗಿಂತ ಚೆನ್ನಾಗಿ ಕೇಳುತ್ತದೆ.

ಗಟ್ಟಿ ಕೋಣೆಗೆ ಮದ್ದು ದುಬಾರಿಯಲ್ಲ. ಸೋಫಾ ಮತ್ತು ಟಿವಿ ನಡುವಿನ ನೆಲಕ್ಕೆ ದಪ್ಪ ಜಮಖಾನೆ ಅಥವಾ ಕಾರ್ಪೆಟ್, ಗಾಜಿಗೆ ನೆರಿಗೆ ಹೆಚ್ಚಿರುವ ದಪ್ಪ ಪರದೆ, ಸೋಫಾದ ಹಿಂದಿನ ಗೋಡೆಗೆ ಪುಸ್ತಕ ತುಂಬಿದ ಕಪಾಟು. ಇಷ್ಟು ಮಾಡಿ ಮತ್ತೆ ಚಪ್ಪಾಳೆ ತಟ್ಟಿ ನೋಡಿ. ಮೊಟ್ಟೆಯ ಟ್ರೇ ಅಂಟಿಸಬೇಡಿ. ಅದರಿಂದ ಹೇಳಿಕೊಳ್ಳುವಂಥ ಪ್ರಯೋಜನವಿಲ್ಲ, ಬೆಂಕಿಗೆ ಬೇಗ ತುತ್ತಾಗುತ್ತದೆ.

ಮನೆ ಇನ್ನೂ ಕಟ್ಟುತ್ತಿದ್ದೀರಾದರೆ ಗಾರೆ ಹಾಕುವ ಮೊದಲೇ ಟಿವಿ ಗೋಡೆಯಿಂದ ಸೋಫಾದ ಎರಡೂ ಬದಿಗೆ ಕನಿಷ್ಠ 25 ಮಿ.ಮೀ. ಪಿವಿಸಿ ಪೈಪು ಹಾಕಿಸಿ. ಕರೆಂಟಿನ ವಯರ್ ಹೋಗುವ ಪೈಪಿನಲ್ಲೇ ಸ್ಪೀಕರ್ ವಯರ್ ಎಳೆಯಲು ಬಿಡಬೇಡಿ. ಪೈಪಿನೊಳಗೆ ಒಂದು ನೈಲಾನ್ ಹಗ್ಗ ಬಿಟ್ಟಿರಿ, ಮುಂದೆ ವಯರ್ ಬದಲಿಸುವಾಗ ಬೇಕಾಗುತ್ತದೆ.

2. ನಿಮಗೆ ಎಂಥ ಸೆಟ್ ಬೇಕು

ಮೂರು ದಾರಿಗಳಿವೆ. ಮೊದಲನೆಯದು ಸೌಂಡ್‌ಬಾರ್: ಟಿವಿಯ ಕೆಳಗೆ ಇಡುವ ಉದ್ದನೆಯ ಪಟ್ಟಿ, ಜೊತೆಗೆ ಹೆಚ್ಚಾಗಿ ಒಂದು ಸಬ್‌ವೂಫರ್, ಅಂದರೆ ಅತಿ ಕೆಳಸ್ತರದ ಗುಡುಗಿನಂಥ ಸದ್ದನ್ನು ಮಾತ್ರ ನುಡಿಸುವ ಪೆಟ್ಟಿಗೆ. ಎರಡನೆಯದು ಎಲ್ಲ ಸ್ಪೀಕರುಗಳೂ ಒಂದೇ ಡಬ್ಬದಲ್ಲಿ ಬರುವ ಸಿದ್ಧ ಸೆಟ್. ಮೂರನೆಯದು ಎವಿ ರಿಸೀವರ್ ಮತ್ತು ಬಿಡಿ ಸ್ಪೀಕರುಗಳು. ರಿಸೀವರ್ ಎಂದರೆ ಟಿವಿ, ಪ್ಲೇಯರುಗಳಿಂದ ಬರುವ ಧ್ವನಿಯನ್ನು ಬಿಡಿಸಿ, ಬಲಪಡಿಸಿ, ಒಂದೊಂದು ಸ್ಪೀಕರಿಗೂ ಅದರದರ ಪಾಲನ್ನು ಕಳಿಸುವ ಪೆಟ್ಟಿಗೆ. ಡೆನಾನ್, ಯಮಾಹಾ, ಆನ್‌ಕ್ಯೊ, ಮರಾಂಟ್ಜ್ ಇವು ಇದರಲ್ಲಿ ಹೆಸರಾದವು.

ಬಾಡಿಗೆ ಮನೆ, 10 ಅಡಿಗೆ 12 ಅಡಿ ಕೋಣೆ, ವಯರ್ ಕಾಣಬಾರದು ಎಂಬ ಹಟ ಇದ್ದರೆ ಸಂಕೋಚವಿಲ್ಲದೆ ಒಳ್ಳೆಯ ಸೌಂಡ್‌ಬಾರ್ ತೆಗೆದುಕೊಳ್ಳಿ. ಮಧ್ಯದ ಚಾನೆಲ್‌ಗೆ, ಅಂದರೆ ಮಾತು ಬರುವ ಧ್ವನಿಯ ಪಾಲಿಗೆ, ಪ್ರತ್ಯೇಕ ಸ್ಪೀಕರ್ ಇರುವಂಥದ್ದನ್ನೇ ಆರಿಸಿ. ಸಿದ್ಧ ಸೆಟ್ ಬಗ್ಗೆ ನನಗೆ ಒಲವು ಕಡಿಮೆ. ಅದರ ಒಂದು ಭಾಗ ಕೆಟ್ಟರೆ ಹಲವು ಸಲ ಬೇರೆ ಕಂಪನಿಯದು ಹೊಂದುವುದಿಲ್ಲ, ಇಡೀ ಸೆಟ್ ಮೂಲೆಗೆ ಸೇರುತ್ತದೆ. ಸ್ವಂತ ಮನೆ ಇದ್ದು ಹತ್ತು ವರ್ಷ ಬಳಸುವ ಮನಸ್ಸಿದ್ದರೆ ಮೂರನೆಯ ದಾರಿಯೇ ಸರಿ. ಈ ವರ್ಷ ರಿಸೀವರ್ ಮತ್ತು ಟಿವಿ ಬದಿಯ ಎಡ, ಮಧ್ಯ, ಬಲ ಸ್ಪೀಕರ್, ಮುಂದಿನ ವರ್ಷ ಸಬ್‌ವೂಫರ್, ಆಮೇಲೆ ಹಿಂದಿನವು ಎಂದು ಕಂತಿನಲ್ಲಿ ಬೆಳೆಸಬಹುದು.

ಅಂಕಿಗಳ ಅರ್ಥ ಇಲ್ಲೇ ಹೇಳಿಬಿಡುತ್ತೇನೆ. 5.1 ಎಂದರೆ ಐದು ಸ್ಪೀಕರ್, ಒಂದು ಸಬ್‌ವೂಫರ್: ಮುಂದೆ ಎಡ, ಮಧ್ಯ, ಬಲ; ಬದಿಗೆ ಸ್ವಲ್ಪ ಹಿಂದೆ ಎರಡು. 7.1ರಲ್ಲಿ ಬೆನ್ನ ಹಿಂದೆ ಇನ್ನೆರಡು. 5.1.2 ಎಂದಾಗ ಕೊನೆಯ ಎರಡು ಮೇಲಿನಿಂದ ಸದ್ದು ಕೊಡುವವು. ಇದು ಡಾಲ್ಬಿ ಆಟ್ಮಾಸ್ ಪದ್ಧತಿ. 2012ರಲ್ಲಿ ಚಿತ್ರಮಂದಿರಗಳಿಗೆ, 2014ರಲ್ಲಿ ಮನೆಗಳಿಗೆ ಬಂತು. ನಮ್ಮ ಸಾಮಾನ್ಯ ಹಾಲ್‌ಗಳಿಗೆ ಒಳ್ಳೆಯ 5.1 ಸಾಕು. ಅದೇ ದುಡ್ಡಿನಲ್ಲಿ ಏಳು ಅಗ್ಗದ ಸ್ಪೀಕರ್ ತರುವುದಕ್ಕಿಂತ ಮೂರು ಒಳ್ಳೆಯವು ಮೇಲು.

ಆಟ್ಮಾಸ್ ಬಗ್ಗೆ ಒಂದು ಎಚ್ಚರಿಕೆ. ಸ್ಪೀಕರಿನ ತಲೆಯಿಂದ ಸದ್ದನ್ನು ಚಾವಣಿಗೆ ಹೊಡೆದು ಕೆಳಕ್ಕೆ ಇಳಿಸುವ ಬಗೆಯ ಸ್ಪೀಕರುಗಳಿಗೆ ಸಪಾಟಾದ, ಗಟ್ಟಿಯಾದ ಚಾವಣಿ ಬೇಕು. ಡಾಲ್ಬಿ ಹೇಳುವ ಎತ್ತರ ಸುಮಾರು 7.5ರಿಂದ 12 ಅಡಿ. ಹೆಂಚಿನ ಮಾಡಿನ ಕೆಳಗೆ ಅವು ಕೆಲಸ ಮಾಡುವುದಿಲ್ಲ. ಅಂಥ ಮನೆಯಲ್ಲಿ ಆಟ್ಮಾಸ್ ಬೇಕೇಬೇಕು ಎಂದಾದರೆ ಪಕ್ಕಾಸಿಗೋ ಗೋಡೆಯ ಮೇಲ್ಭಾಗಕ್ಕೋ ಸ್ಪೀಕರ್ ಕಟ್ಟಿ ನೇರ ಕೆಳಕ್ಕೆ ತಿರುಗಿಸಬೇಕು.

3. ಡಬ್ಬದ ಮೇಲಿನ ಅಂಕಿ ಓದುವುದು

ಪಿಎಂಪಿಒ ಎಂದು ಬರೆದ ಸಾವಿರಾರು ವಾಟ್ಸ್ ನೋಡಿ ಮರುಳಾಗಬೇಡಿ. ಅದಕ್ಕೆ ಒಪ್ಪಿತ ಅಳತೆಯೇ ಇಲ್ಲ. ಆರ್‌ಎಂಎಸ್ ಎಂದಿರುವ ಅಂಕಿ ನೋಡಿ. ಅದು ಬಿಡದೆ ಕೊಡಬಲ್ಲ ಶಕ್ತಿ. ಅದರಲ್ಲೂ ಕೆಳಗಿನ ಸಣ್ಣ ಅಕ್ಷರ ಓದಬೇಕು. "6 ಓಮ್, 1 ಕಿಲೋಹರ್ಟ್ಸ್, ಒಂದು ಚಾನೆಲ್ ಮಾತ್ರ" ಎಂದು ಬರೆದ 150 ವಾಟ್ಸ್‌ಗಿಂತ "8 ಓಮ್, 20 ಹರ್ಟ್ಸ್‌ನಿಂದ 20 ಕಿಲೋಹರ್ಟ್ಸ್, ಎರಡು ಚಾನೆಲ್" ಎಂದು ಬರೆದ 80 ವಾಟ್ಸ್ ಹೆಚ್ಚು ನಂಬಿಕೆಗೆ ಅರ್ಹ. ಹರ್ಟ್ಸ್ ಎಂದರೆ ಸದ್ದು ಸೆಕೆಂಡಿಗೆ ಎಷ್ಟು ಸಲ ಕಂಪಿಸುತ್ತದೆ ಎಂಬ ಅಳತೆ, ಅಂಕಿ ಕಡಿಮೆಯಾದಷ್ಟೂ ಕೆಳದನಿ. ಓಮ್ ಎಂದರೆ ಸ್ಪೀಕರ್ ಕರೆಂಟಿಗೆ ಒಡ್ಡುವ ತಡೆಯ ಅಳತೆ. ಅದು ಕಡಿಮೆಯಾದಷ್ಟೂ ರಿಸೀವರಿಗೆ ಹೊರೆ ಹೆಚ್ಚು. 4 ಓಮ್ ಸ್ಪೀಕರ್ ಇಷ್ಟವಾದರೆ ನಿಮ್ಮ ರಿಸೀವರ್ ಅದನ್ನು ಹೊರುತ್ತದೆಯೇ ಎಂದು ಕೈಪಿಡಿಯಲ್ಲಿ ನೋಡಿ.

ಸ್ಪೀಕರಿನ ಸೆನ್ಸಿಟಿವಿಟಿಯನ್ನು ಯಾರೂ ಕೇಳುವುದಿಲ್ಲ, ಕೇಳಬೇಕು. ಇಷ್ಟು ಶಕ್ತಿ ಕೊಟ್ಟರೆ 1 ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ಸದ್ದು ಎಂಬ ಲೆಕ್ಕ ಅದು. 85 ಡೆಸಿಬೆಲ್‌ನ ಸ್ಪೀಕರ್ ಕೊಡುವಷ್ಟೇ ಸದ್ದನ್ನು 88 ಡೆಸಿಬೆಲ್‌ನದು ಅರ್ಧ ವಾಟ್ಸ್‌ನಲ್ಲಿ ಕೊಡುತ್ತದೆ. ಕಿವಿಗೆ ಎರಡು ಪಟ್ಟು ಜೋರು ಅನ್ನಿಸಲು ಸುಮಾರು 10 ಡೆಸಿಬೆಲ್ ಏರಬೇಕು, ಅದಕ್ಕೆ ಹತ್ತು ಪಟ್ಟು ಶಕ್ತಿ ಬೇಕು. ಹಾಗಾಗಿ 80 ವಾಟ್ಸ್‌ಗೂ 100 ವಾಟ್ಸ್‌ಗೂ ನಿಮ್ಮ ಹಾಲ್‌ನಲ್ಲಿ ವ್ಯತ್ಯಾಸವೇ ತಿಳಿಯದು. ಆ ಹಣವನ್ನು ಮಧ್ಯದ ಸ್ಪೀಕರಿಗೆ ಹಾಕಿ. ಸಿನಿಮಾದ ಮಾತಿನ ಬಹುಪಾಲು ಅಲ್ಲಿಂದಲೇ ಬರುತ್ತದೆ. ಮುಂದಿನ ಮೂರೂ ಒಂದೇ ಕಂಪನಿಯ ಒಂದೇ ಶ್ರೇಣಿಯವಾಗಿರಲಿ. ಇಲ್ಲದಿದ್ದರೆ ಪಾತ್ರ ಪರದೆಯಲ್ಲಿ ಎಡದಿಂದ ಬಲಕ್ಕೆ ನಡೆದಾಗ ಅದರ ಕಂಠವೇ ಬದಲಾದಂತೆ ಕೇಳುತ್ತದೆ.

ನಮ್ಮ ಹವೆಗೆ ಸಂಬಂಧಿಸಿದ ಎರಡು ಮಾತು. ಕೋನಿನ, ಅಂದರೆ ಸ್ಪೀಕರಿನಲ್ಲಿ ಅದುರಿ ಸದ್ದು ಮಾಡುವ ಬಟ್ಟಲಿನಂಥ ಭಾಗದ, ಸುತ್ತಲಿನ ಮೆತ್ತನೆಯ ಅಂಚು ಫೋಮ್‌ನದಾಗಿದ್ದರೆ ಕೆಲವು ವರ್ಷಗಳಲ್ಲಿ ಪುಡಿಯಾಗುತ್ತದೆ, ರಬ್ಬರಿನದು ಹೆಚ್ಚು ಬಾಳುತ್ತದೆ. ಪೆಟ್ಟಿಗೆಯ ಹಿಂಬದಿ, ತಳದಲ್ಲಿ ಎಂಡಿಎಫ್ ಹಲಗೆ ಬರಿದಾಗಿ ಕಾಣುತ್ತಿದ್ದರೆ ಬೇಡ. ಮಳೆಗಾಲದ ತೇವಕ್ಕೆ ಉಬ್ಬುತ್ತದೆ.

4. ಅಂಗಡಿಯಲ್ಲಿ, ಅಥವಾ ಗಲ್ಫ್‌ನಿಂದ

ಅಂಗಡಿಯವರು ಹಾಕಿ ತೋರಿಸುವ ಸ್ಫೋಟದ ದೃಶ್ಯದಿಂದ ಏನೂ ತಿಳಿಯುವುದಿಲ್ಲ. ನಿಮಗೆ ಚೆನ್ನಾಗಿ ಪರಿಚಯವಿರುವ ಧ್ವನಿಯನ್ನೇ ಪೆನ್‌ಡ್ರೈವಿನಲ್ಲಿ ಒಯ್ಯಿರಿ. ಯಕ್ಷಗಾನದ ಒಳ್ಳೆಯ ರೆಕಾರ್ಡಿಂಗ್‌ಗಿಂತ ಕಠಿಣ ಪರೀಕ್ಷೆ ನನಗೆ ಕಂಡಿಲ್ಲ. ಚೆಂಡೆಯ ಪೆಟ್ಟು ಒಂದೊಂದೂ ಬಿಡಿಯಾಗಿ ಕೇಳಬೇಕು, ಒಂದರ ಮೇಲೊಂದು ಬಿದ್ದು ಗದ್ದಲವಾಗಬಾರದು. ಮದ್ದಳೆಯ ಕೆಳದನಿಗೆ ಉಬ್ಬರ ಬರಬಾರದು. ತೆಂಕಾದರೆ ಜಾಗಟೆ, ಬಡಗಾದರೆ ತಾಳ ಕಿವಿಗೆ ಚುಚ್ಚದೆ ಮಿನುಗಬೇಕು. ಇದೆಲ್ಲದರ ನಡುವೆ ಭಾಗವತರ ಸಾಹಿತ್ಯ ಅಕ್ಷರ ಅಕ್ಷರವಾಗಿ ತಿಳಿಯಬೇಕು. ಆಮೇಲೆ ಒಂದು ಅರ್ಥಗಾರಿಕೆಯ ತುಣುಕನ್ನು ಸಣ್ಣ ದನಿಯಲ್ಲಿ ಹಾಕಿಸಿ. ಕಡಿಮೆ ವಾಲ್ಯೂಮಿನಲ್ಲೂ ಮಾತು ತಿಳಿದರೆ ಆ ಸ್ಪೀಕರ್ ಮನೆಗೆ ತರಲು ಯೋಗ್ಯ. ಎರಡು ಸೆಟ್ ಹೋಲಿಸುವಾಗ ಸದ್ದಿನ ಮಟ್ಟ ಒಂದೇ ಇರಲಿ, ಸ್ವಲ್ಪ ಜೋರಾಗಿರುವುದೇ ಚೆನ್ನ ಎಂದು ಕಿವಿ ಬೇಗ ಮೋಸಹೋಗುತ್ತದೆ.

ದುಬೈ, ದೋಹಾ, ಕುವೈತ್‌ನಲ್ಲಿರುವ ಅಣ್ಣನೋ ಭಾವನೋ ರಜೆಗೆ ಬರುವಾಗ ತಂದುಕೊಡುವುದು ನಮ್ಮಲ್ಲಿ ವಾಡಿಕೆ. ಆ ಕಡೆಯ ಸೆಟ್ಟುಗಳು ನಮ್ಮ 230 ವೋಲ್ಟ್, 50 ಹರ್ಟ್ಸ್ ಕರೆಂಟಿಗೆ ಹೊಂದುತ್ತವೆ. ಆದರೂ ಪೆಟ್ಟಿಗೆಯ ಹಿಂಭಾಗದ ಚೀಟಿ ಓದದೆ ಪ್ಲಗ್ ಚುಚ್ಚಬೇಡಿ. ಅಮೆರಿಕದಿಂದ ಬಂದದ್ದು 120 ವೋಲ್ಟಿನದಾದರೆ ನೇರ ಹಾಕಿದ ಕೂಡಲೇ ಸುಟ್ಟುಹೋಗುತ್ತದೆ. ಕೊಲ್ಲಿಯ ಮೂರು ಚೌಕ ಕಡ್ಡಿಯ ಪ್ಲಗ್‌ಗೆ ಬೀದಿಯ ಅಡಾಪ್ಟರ್ ಹಾಕಿದರೆ ಎಷ್ಟೋ ಸಲ ಅರ್ತ್ ಸಂಪರ್ಕ ತಪ್ಪುತ್ತದೆ. ಎಲೆಕ್ಟ್ರಿಷಿಯನ್ ಹತ್ತಿರ ಪ್ಲಗ್ಗನ್ನೇ ಬದಲಿಸಿಕೊಳ್ಳಿ. ಅಲ್ಲಿನ ವಾರಂಟಿ ಇಲ್ಲಿ ನಡೆಯುತ್ತದೆಯೇ ಎಂದು ಕೊಳ್ಳುವ ಮೊದಲೇ ಬರವಣಿಗೆಯಲ್ಲಿ ಕೇಳಿ. ಬ್ಲೂ-ರೇ ಪ್ಲೇಯರ್ ತರಿಸುವುದಾದರೆ ಇನ್ನೊಂದು ಕೊಕ್ಕೆ ಇದೆ: ಕೊಲ್ಲಿ ದೇಶಗಳು ಬಿ ವಲಯ, ಭಾರತ ಸಿ ವಲಯ. ವಲಯದ ಬೀಗ ಇರುವ ಡಿಸ್ಕ್ ಒಂದರದು ಇನ್ನೊಂದರಲ್ಲಿ ಓಡುವುದಿಲ್ಲ.

5. ಕರೆಂಟು ಮತ್ತು ಅರ್ತಿಂಗ್

ಈ ಹಂತ ಬಿಟ್ಟವರ ಸೆಟ್ಟುಗಳೇ ರಿಪೇರಿ ಅಂಗಡಿಯ ಕಪಾಟಿನಲ್ಲಿ ಹೆಚ್ಚು ಕಾಣುವುದು. ಏಪ್ರಿಲ್–ಮೇ ತಿಂಗಳ ಸಂಜೆಯ ಸಿಡಿಲು, ಮತ್ತೆ ಅಕ್ಟೋಬರಿನ ಸಿಡಿಲು ನಮ್ಮ ಕಡೆ ಎಷ್ಟು ಟಿವಿ, ಮೋಡೆಮ್ ನುಂಗುತ್ತದೆ ಎಂದು ನಿಮಗೇ ಗೊತ್ತು.

ಮೊದಲು ಎಲೆಕ್ಟ್ರಿಷಿಯನ್ ಕರೆದು ಟಿವಿ ಹಿಂದಿನ ಸಾಕೆಟ್ಟಿನಲ್ಲಿ ಅರ್ತ್ ನಿಜವಾಗಿಯೂ ಇದೆಯೇ ಎಂದು ಅಳೆಸಿ. ನ್ಯೂಟ್ರಲ್ ಮತ್ತು ಅರ್ತ್ ನಡುವೆ ಒಂದೆರಡು ವೋಲ್ಟಿಗಿಂತ ಬಹಳ ಹೆಚ್ಚು ತೋರಿಸಿದರೆ ಸರಿಪಡಿಸಬೇಕು. ಕೆಂಪುಕಲ್ಲಿನ ಗುಡ್ಡದ ಮೇಲಿನ ಮನೆಗಳಲ್ಲಿ ಬೇಸಗೆಯಲ್ಲಿ ಮಣ್ಣು ಒಣಗಿ ಅರ್ತಿಂಗ್ ದುರ್ಬಲವಾಗುತ್ತದೆ. ಅರ್ತಿಂಗ್ ಗುಂಡಿಗೆ ಆಗಾಗ ನೀರು ಹೊಯ್ಯಿರಿ. ಅರ್ತ್ ಸರಿಯಿದ್ದರೆ ಮಾತ್ರ ಸರ್ಜ್ ಪ್ರೊಟೆಕ್ಟರ್, ಅಂದರೆ ಹಠಾತ್ತಾಗಿ ಏರುವ ವೋಲ್ಟೇಜನ್ನು ನೆಲಕ್ಕೆ ಹರಿಸುವ ಸಾಧನ, ತನ್ನ ಕೆಲಸ ಮಾಡಬಲ್ಲದು. ಹತ್ತಿರದಲ್ಲೇ ಸಿಡಿಲು ಬಿದ್ದರೆ ಅದೂ ತಡೆಯುವುದಿಲ್ಲ. ಗುಡುಗು ದೂರದಲ್ಲಿ ಕೇಳಿಸಿದ ಕೂಡಲೇ ಪ್ಲಗ್ ಕೀಳಿ, ಸ್ವಿಚ್ ಆರಿಸಿದರೆ ಸಾಲದು. ಡಿಶ್ಶಿನ ಕೇಬಲ್, ಮೋಡೆಮ್‌ನಿಂದ ಬರುವ ನೆಟ್‌ವರ್ಕ್ ವಯರ್ ಕೂಡ ಕೀಳಿ. ಸಿಡಿಲಿನ ಹೊಡೆತ ಆ ದಾರಿಯಲ್ಲೂ ಬಂದು ಎಚ್‌ಡಿಎಂಐ ಕಿಂಡಿಯ ಮೂಲಕ ರಿಸೀವರನ್ನು ಸುಡುತ್ತದೆ.

ಟಿವಿ, ರಿಸೀವರ್, ಸಬ್‌ವೂಫರ್, ಸೆಟ್‌ಟಾಪ್ ಬಾಕ್ಸ್ ಎಲ್ಲಕ್ಕೂ ಒಂದೇ ಬೋರ್ಡಿನಿಂದ ಕರೆಂಟು ಕೊಡಿ. ಬೇರೆ ಬೇರೆ ಗೋಡೆಯಿಂದ ಕೊಟ್ಟರೆ "ಹಂ" ಎಂಬ ಗುಂಯ್‌ಗುಡುವಿಕೆ ಸೇರಿಕೊಳ್ಳಬಹುದು. ಗುಂಯ್ ಬಂದರೆ ಮೊದಲು ಕೇಬಲ್ ಟಿವಿಯ ವಯರ್ ಕಿತ್ತು ನೋಡಿ, ಹಲವು ಸಲ ಕಾರಣ ಅಲ್ಲೇ ಇರುತ್ತದೆ. ಆ ಸದ್ದು ನಿಲ್ಲಿಸಲೆಂದು ಪ್ಲಗ್ಗಿನ ಅರ್ತ್ ಕಡ್ಡಿ ತೆಗೆಯುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ, ಜೀವಕ್ಕೆ ಅಪಾಯ. ಇನ್ವರ್ಟರಿನಲ್ಲಿ ಓಡಿಸುವುದಾದರೆ ಅದು ಸೈನ್ ವೇವ್ ಬಗೆಯದಾಗಿರಲಿ. ಸ್ಕ್ವೇರ್ ವೇವ್ ಇನ್ವರ್ಟರಿನಲ್ಲಿ ಗುಂಯ್ ಖಚಿತ, ಟ್ರಾನ್ಸ್‌ಫಾರ್ಮರೂ ಬಿಸಿಯಾಗುತ್ತದೆ.

6. ವಯರ್

ಸ್ಪೀಕರ್ ವಯರ್ ಪೂರ್ತಿ ತಾಮ್ರದ್ದಾಗಿರಲಿ. 20–25 ಅಡಿಯವರೆಗೆ 1.5 ಚದರ ಮಿ.ಮೀ., ಅದಕ್ಕಿಂತ ಉದ್ದಕ್ಕೆ ಅಥವಾ 4 ಓಮ್ ಸ್ಪೀಕರಿಗೆ 2.5 ಚದರ ಮಿ.ಮೀ. ಸಾಕು. ಅಗ್ಗದ ವಯರುಗಳಲ್ಲಿ ಅಲ್ಯುಮಿನಿಯಂ ಮೇಲೆ ತಾಮ್ರದ ತೆಳು ಲೇಪನ ಇರುತ್ತದೆ. ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದಾಗ ಒಳಗೆ ಬೆಳ್ಳಗೆ ಕಂಡರೆ ಅದೇ, ಬಿಟ್ಟುಬಿಡಿ. ಮಲ್ಪೆ, ಪಣಂಬೂರು, ಉಳ್ಳಾಲದಂಥ ಕಡಲ ಬದಿಯವರು ತವರ ಲೇಪಿಸಿದ ತಾಮ್ರದ ವಯರ್ ಸಿಕ್ಕರೆ ತೆಗೆದುಕೊಳ್ಳಿ. ಅದು ಹೊರಗೆ ಬೆಳ್ಳಗಿದ್ದು, ಕೆರೆದರೆ ಒಳಗೆ ಕೆಂಪಾಗಿರುತ್ತದೆ. ಉಪ್ಪುಗಾಳಿಗೆ ಬರಿ ತಾಮ್ರ ಬೇಗ ಕಿಲುಬು ಹಿಡಿಯುತ್ತದೆ.

ಪ್ರತಿ ಸ್ಪೀಕರಿಗೂ ಎರಡು ತುದಿ: ಕೆಂಪು, ಕಪ್ಪು. ರಿಸೀವರಿನ ಕೆಂಪು ಸ್ಪೀಕರಿನ ಕೆಂಪಿಗೇ ಹೋಗಬೇಕು. ಒಂದು ಸ್ಪೀಕರಿಗೆ ಅದಲುಬದಲಾದರೂ ಕೆಳದನಿ ಮಾಯವಾಗಿ, ಹಾಡು ಎಲ್ಲಿಂದ ಬರುತ್ತಿದೆ ಎಂದೇ ತಿಳಿಯದಂತಾಗುತ್ತದೆ. ಬಿಡಿ ಎಳೆಯೊಂದು ಪಕ್ಕದ ತುದಿಗೆ ತಾಗಿದರೆ ರಿಸೀವರ್ ತಾನಾಗಿ ಆರಬಹುದು, ಕೆಟ್ಟೂ ಹೋಗಬಹುದು. ಬನಾನ ಪ್ಲಗ್ ಎಂಬ ಸಣ್ಣ ಲೋಹದ ತುದಿ ಹಾಕಿದರೆ ಈ ಭಯವಿಲ್ಲ. ಜೋಡಿಸುವಾಗ ರಿಸೀವರಿನ ಪ್ಲಗ್ ಗೋಡೆಯಿಂದ ಕಿತ್ತಿರಲಿ.

7. ಸ್ಪೀಕರ್ ಕೂರಿಸುವ ಜಾಗ

ಈಗ ಟೇಪು ತೆಗೆಯಿರಿ. ಎಡ–ಬಲ ಸ್ಪೀಕರುಗಳ ನಡುವಿನ ಅಂತರ, ಅವುಗಳಿಂದ ನೀವು ಕೂರುವ ಜಾಗಕ್ಕಿರುವ ಅಂತರ ಹೆಚ್ಚುಕಡಿಮೆ ಒಂದೇ ಇರಲಿ. 8 ಅಡಿ ದೂರ ಕೂತರೆ ಎರಡರ ನಡುವೆ ಹತ್ತಿರಹತ್ತಿರ 8 ಅಡಿ. ಜಾಗ ಇಲ್ಲದಿದ್ದರೆ 6 ಅಡಿಯವರೆಗೆ ಇಳಿಸಬಹುದು. ಟ್ವೀಟರ್, ಅಂದರೆ ಮೇಲುದನಿ ನುಡಿಸುವ ಸಣ್ಣ ಗುಬುಟು, ಕೂತಾಗ ನಿಮ್ಮ ಕಿವಿಯ ಎತ್ತರಕ್ಕೆ ಬರಬೇಕು. ಸ್ಪೀಕರಿನ ಮುಖವನ್ನು ಸ್ವಲ್ಪ ನಿಮ್ಮ ಕಡೆಗೆ ತಿರುಗಿಸಿ. ಹಿಂದಿನ ಗೋಡೆಯಿಂದ ಅರ್ಧ ಅಡಿಯಾದರೂ ಮುಂದೆ ಇರಲಿ; ಸದ್ದಿಗೂ ಒಳ್ಳೆಯದು, ಮಳೆಗಾಲದಲ್ಲಿ ಒಸರುವ ಹೊರಗೋಡೆಯಿಂದಲೂ ದೂರವಾಗುತ್ತದೆ.

ಮಧ್ಯದ ಸ್ಪೀಕರನ್ನು ಶೋಕೇಸಿನ ಗೂಡಿನೊಳಗೆ ತಳ್ಳುವುದು ನಮ್ಮ ಮನೆಗಳಲ್ಲಿ ಅತಿ ಸಾಮಾನ್ಯ. ಮಾತು ತಿಳಿಯದಿರುವುದಕ್ಕೆ ಮೊದಲ ಕಾರಣವೇ ಅದು. ಗೂಡಿನೊಳಗೆ ಇಟ್ಟ ಸ್ಪೀಕರ್ ಕೊಡದೊಳಗೆ ಬಾಯಿಟ್ಟು ಮಾತಾಡಿದಂತೆ ಕೇಳುತ್ತದೆ. ಅದನ್ನು ಗೂಡಿನ ಅಂಚಿಗೆ ಎಳೆಯಿರಿ, ಸಾಧ್ಯವಾದರೆ ಅಂಚಿನಿಂದ ಅರ್ಧ ಇಂಚು ಹೊರಗೆ ಬರಲಿ. ಟಿವಿಯ ಕೆಳಗಿದ್ದರೆ ಮುಂಭಾಗದಡಿ ರಬ್ಬರ್ ತುಂಡು ಕೊಟ್ಟು ಮುಖವನ್ನು ನಿಮ್ಮ ಕಿವಿಯತ್ತ ಎತ್ತಿ.

ಬದಿಯ ಎರಡು ಸ್ಪೀಕರುಗಳು ನೇರ ಬೆನ್ನ ಹಿಂದೆ ಬೇಡ. ಟಿವಿಯತ್ತ ನೋಡುವ ದಿಕ್ಕನ್ನು 0 ಡಿಗ್ರಿ ಎಂದುಕೊಂಡರೆ ಅವು 110ರಿಂದ 120 ಡಿಗ್ರಿಯಲ್ಲಿ, ಅಂದರೆ ಭುಜದ ನೇರದಿಂದ ತುಸು ಹಿಂದೆ, ಕಿವಿಗಿಂತ ಒಂದೆರಡು ಅಡಿ ಮೇಲೆ ಇರಲಿ. ಗೋಡೆಗೆ ಹಾಕುವಾಗ ಜಾಗ್ರತೆ. ಕೆಂಪುಕಲ್ಲಿನ ಗೋಡೆಯಲ್ಲಿ ಡ್ರಿಲ್ ಹಾಕಿದರೆ ಗಾರೆಯ ಹಿಂದಿನ ಕಲ್ಲು ಪುಡಿಯಾಗಿ ಬರುತ್ತದೆ, ಸಣ್ಣ ಪ್ಲಾಸ್ಟಿಕ್ ಪ್ಲಗ್ ಹಿಡಿಯುವುದಿಲ್ಲ. ಉದ್ದನೆಯ ಆ್ಯಂಕರ್ ಹಾಕಿಸಿ, ಇಲ್ಲವೇ ಕಾಂಕ್ರೀಟ್ ಬೀಮಿಗೆ ಬಿಗಿಸಿ. ಭಾರದ ಸ್ಪೀಕರಾದರೆ ಸ್ಟ್ಯಾಂಡ್ ಮೇಲಿಡುವುದೇ ನೆಮ್ಮದಿ.

ಕನ್ನಡಿಯ ಕೆಲಸ ಈಗ. ನೀವು ಸೋಫಾದಲ್ಲಿ ಕೂತಿರಿ, ಮನೆಯವರೊಬ್ಬರು ಬದಿಗೋಡೆಯ ಉದ್ದಕ್ಕೂ ಕನ್ನಡಿ ಸರಿಸುತ್ತ ಹೋಗಲಿ. ಯಾವ ಜಾಗದಲ್ಲಿ ಕನ್ನಡಿಯೊಳಗೆ ಮುಂದಿನ ಸ್ಪೀಕರ್ ಕಾಣುತ್ತದೋ ಅಲ್ಲಿಂದಲೇ ಮೊದಲ ಪ್ರತಿಧ್ವನಿ ಬರುತ್ತದೆ. ಪರದೆ, ದಪ್ಪ ಬಟ್ಟೆಯ ಚಿತ್ರಪಟ ಏನಿದ್ದರೂ ಆ ಜಾಗಕ್ಕೆ ತೂಗುಹಾಕಿ.

ರಿಸೀವರ್ ಮೇಲೆ ಕೆಲವು ಇಂಚು ಖಾಲಿ ಬಿಡಿ. ಗಾಜಿನ ಬಾಗಿಲಿನ ಕಪಾಟಿನಲ್ಲಿ ಮುಚ್ಚಿಡಬೇಡಿ, ಮೇಲೆ ಸೆಟ್‌ಟಾಪ್ ಬಾಕ್ಸ್ ಇಡಬೇಡಿ.

8. ಸಬ್‌ವೂಫರ್

ಎಲ್ಲಿ ಖಾಲಿ ಇದೆಯೋ ಅಲ್ಲಿ ಇಟ್ಟುಬಿಡುವ ವಸ್ತು ಇದಲ್ಲ. ಕೆಳದನಿಯ ಅಲೆ ಬಹಳ ಉದ್ದ. 80 ಹರ್ಟ್ಸ್‌ನ ಒಂದು ಅಲೆಯೇ 4.3 ಮೀಟರ್ ಇರುತ್ತದೆ. ಅದು ಗೋಡೆಗಳ ನಡುವೆ ಬಡಿದಾಡಿ ಕೋಣೆಯ ಕೆಲವು ಕಡೆ ಉಬ್ಬುತ್ತದೆ, ಕೆಲವು ಕಡೆ ಸತ್ತುಹೋಗುತ್ತದೆ. 12 ಅಡಿ ಉದ್ದದ ಕೋಣೆಯಲ್ಲಿ ಸುಮಾರು 47 ಹರ್ಟ್ಸ್ ಹತ್ತಿರ ಇಂಥ ಮೊದಲ ಉಬ್ಬು ಬರುತ್ತದೆ. ಮೂಲೆಯಲ್ಲಿಟ್ಟರೆ ಸದ್ದು ಹೆಚ್ಚು, ಜೊತೆಗೆ ಈ ಉಬ್ಬೂ ಹೆಚ್ಚು.

ಜಾಗ ಹುಡುಕುವ ಉಪಾಯ ಹೀಗೆ. ಸಬ್‌ವೂಫರನ್ನು ನೀವು ಕೂರುವ ಜಾಗದಲ್ಲೇ ಇಟ್ಟು, ಕೆಳದನಿ ಸ್ಥಿರವಾಗಿರುವ ಒಂದು ಹಾಡು ಹಾಕಿ. ಅದನ್ನು ಇಡಲು ಸಾಧ್ಯವಿರುವ ಜಾಗಗಳಲ್ಲೆಲ್ಲ ಕಿವಿಯನ್ನು ನೆಲಕ್ಕೆ ಹತ್ತಿರ ತಂದು ಕೇಳಿ. ಎಲ್ಲಿ ಕೆಳದನಿ ಉಬ್ಬದೆ, ಸೊರಗದೆ ಸಮವಾಗಿ ಕೇಳುತ್ತದೋ ಅಲ್ಲಿ ತಂದಿಡಿ. ಹೆಚ್ಚಿನ ಮನೆಗಳಲ್ಲಿ ಮುಂದಿನ ಗೋಡೆಯ ನಡುಭಾಗದ ಆಸುಪಾಸು ಅಥವಾ ಮೂಲೆಯಿಂದ ಎರಡು ಮೂರು ಅಡಿ ಆಚೆ ಸರಿಬರುತ್ತದೆ.

ಫ್ಲ್ಯಾಟಿನವರು ಅದರಡಿ ದಪ್ಪ ಫೋಮ್ ಅಥವಾ ರಬ್ಬರ್ ಹಾಸು ಹಾಕಲೇಬೇಕು. ಸ್ಲ್ಯಾಬಿನ ಮೂಲಕ ಕೆಳಮನೆಗೆ ಇಳಿಯುವುದು ಈ ನಡುಕವೇ. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ವಸತಿ ಪ್ರದೇಶಕ್ಕೆ 2000ದ ಶಬ್ದಮಾಲಿನ್ಯ ನಿಯಮಗಳು ಇಟ್ಟಿರುವ ಮಿತಿ 45 ಡೆಸಿಬೆಲ್. ಆ ಹೊತ್ತಿಗೆ ರಿಸೀವರಿನ ನೈಟ್ ಮೋಡ್ ಹಾಕಿ. ಜೋರು ಸದ್ದನ್ನು ತಗ್ಗಿಸಿ ಮೆಲು ಮಾತನ್ನು ಎತ್ತುತ್ತದೆ.

9. ಟಿವಿಗೆ ಜೋಡಿಸುವುದು

ಟಿವಿಯ ಹಿಂದೆ "ಆರ್ಕ್" ಅಥವಾ "ಇ-ಆರ್ಕ್" ಎಂದು ಬರೆದ ಒಂದು ಎಚ್‌ಡಿಎಂಐ ಕಿಂಡಿ ಇರುತ್ತದೆ. ಆರ್ಕ್ ಎಂದರೆ ಟಿವಿಯೊಳಗಿನ ಆ್ಯಪ್‌ಗಳ ಧ್ವನಿಯನ್ನು ಅದೇ ವಯರಿನಲ್ಲಿ ರಿಸೀವರಿಗೆ ವಾಪಸು ಕಳಿಸುವ ವ್ಯವಸ್ಥೆ. ಆ ಕಿಂಡಿಯಿಂದ ರಿಸೀವರಿನ ಆರ್ಕ್ ಕಿಂಡಿಗೇ ವಯರ್ ಹೋಗಬೇಕು, ಬೇರೆ ಕಿಂಡಿಗೆ ಹಾಕಿದರೆ ಸದ್ದೇ ಬರದು. ಒಟಿಟಿ ಆ್ಯಪ್‌ಗಳ ಆಟ್ಮಾಸ್ ಧ್ವನಿಗೆ ಸಾದಾ ಆರ್ಕ್ ಸಾಕಾಗುತ್ತದೆ. ಬ್ಲೂ-ರೇಯ ಪೂರ್ಣ ಗುಣಮಟ್ಟದ ಧ್ವನಿ ಟಿವಿಯ ಮೂಲಕ ಹೋಗಬೇಕಾದರೆ ಇ-ಆರ್ಕ್ ಬೇಕು. ಪ್ಲೇಯರನ್ನು ನೇರ ರಿಸೀವರಿಗೇ ಜೋಡಿಸಿದರೆ ಆ ಚಿಂತೆ ಇಲ್ಲ. ಆಪ್ಟಿಕಲ್ ವಯರಿನಲ್ಲಿ ಸಾಮಾನ್ಯ 5.1ಕ್ಕಿಂತ ಹೆಚ್ಚಿನದು ಬರುವುದಿಲ್ಲ.

ಅತಿ ಹೆಚ್ಚು ಜನ ಎಡವುವುದು ಟಿವಿಯ ಮೆನುವಿನಲ್ಲಿ. ಡಿಜಿಟಲ್ ಆಡಿಯೊ ಔಟ್‌ಪುಟ್ ಪಿಸಿಎಂ ಎಂದಿದ್ದರೆ ಎಷ್ಟೋ ಟಿವಿಗಳಿಂದ ಎರಡೇ ಚಾನೆಲ್ ಹೊರಬರುತ್ತದೆ. ಐದು ಸ್ಪೀಕರ್ ಇದ್ದೂ ನೀವು ಸ್ಟೀರಿಯೊ ಕೇಳುತ್ತಿರುತ್ತೀರಿ. ಅದನ್ನು "ಆಟೊ", "ಬಿಟ್‌ಸ್ಟ್ರೀಮ್" ಅಥವಾ "ಪಾಸ್‌ಥ್ರೂ" ಮಾಡಿ. ಸಿಇಸಿ, ಅಂದರೆ ಎಚ್‌ಡಿಎಂಐ ವಯರಿನ ಮೂಲಕ ಟಿವಿ ಮತ್ತು ರಿಸೀವರ್ ಒಂದನ್ನೊಂದು ನಿಯಂತ್ರಿಸುವ ಆಯ್ಕೆಯೂ ಚಾಲೂ ಇರಬೇಕು. ಸಿನಿಮಾ ಹಾಕಿ ರಿಸೀವರಿನ ಮುಖದ ಮೇಲೆ ಡಾಲ್ಬಿ ಎಂದು ಬರುತ್ತದೆಯೇ ನೋಡಿ. ತುಟಿ ಒಂದು ಕಡೆ, ಮಾತು ಒಂದು ಕಡೆ ಆದರೆ ಆಡಿಯೊ ಡಿಲೇ ಎಂಬಲ್ಲಿ ತಿದ್ದಿ.

10. ಮೈಕ್ ಇಟ್ಟು ಅಳೆಯುವುದು

ರಿಸೀವರಿನ ಜೊತೆ ಬರುವ ಸಣ್ಣ ಮೈಕನ್ನು ಹಲವರು ಡಬ್ಬದಿಂದ ತೆಗೆಯುವುದೇ ಇಲ್ಲ. ಸ್ಪೀಕರುಗಳ ಸದ್ದನ್ನು ಇದರಿಂದ ಕೇಳಿಸಿಕೊಂಡು ರಿಸೀವರ್ ತಾನೇ ಅವನ್ನು ಕೋಣೆಗೆ ಹೊಂದಿಸುತ್ತದೆ. ಈ ವ್ಯವಸ್ಥೆಗೆ ಕಂಪನಿಗೊಂದು ಹೆಸರು: ಆಡಿಸ್ಸಿ, ವೈಪಾವೊ, ಡಿರಾಕ್. ಮೈಕನ್ನು ಕ್ಯಾಮೆರಾ ಸ್ಟ್ಯಾಂಡಿಗೆ ಹಾಕಿ, ನೀವು ಕೂತಾಗ ಕಿವಿ ಬರುವ ಎತ್ತರಕ್ಕೆ ನಿಲ್ಲಿಸಿ. ಸೋಫಾದ ಬೆನ್ನಿನ ಮೇಲೆ ಇಡಬೇಡಿ. ಫ್ಯಾನ್, ಎಸಿ ಆರಿಸಿ, ಮಳೆ ಜೋರಾಗಿದ್ದರೆ ಇನ್ನೊಂದು ದಿನ ಮಾಡಿ. ರಿಸೀವರ್ ಹೇಳಿದಷ್ಟು ಜಾಗಗಳಲ್ಲಿ ಅಳತೆ ಕೊಡಿ.

ಮುಗಿದ ಮೇಲೆ ಅದು ಬರೆದುಕೊಂಡದ್ದನ್ನು ಪರೀಕ್ಷಿಸಿ. ಸ್ಪೀಕರುಗಳ ದೂರ ನಿಮ್ಮ ಟೇಪಿನ ಅಳತೆಗೆ ಹತ್ತಿರ ಇರಬೇಕು. ಸಬ್‌ವೂಫರಿನದು ಮಾತ್ರ ಹೆಚ್ಚು ತೋರಿಸಬಹುದು, ಅದರೊಳಗಿನ ಸರ್ಕ್ಯೂಟಿನಿಂದಾಗುವ ತಡವನ್ನು ಸೇರಿಸಿದ ಲೆಕ್ಕವದು, ತಿದ್ದಬೇಡಿ. ಸ್ಪೀಕರುಗಳನ್ನು "ಲಾರ್ಜ್" ಎಂದು ಬರೆದುಕೊಂಡಿದ್ದರೆ "ಸ್ಮಾಲ್" ಮಾಡಿ, ಕ್ರಾಸ್‌ಓವರ್ 80 ಹರ್ಟ್ಸ್‌ಗೆ ಇಡಿ. ಕ್ರಾಸ್‌ಓವರ್ ಎಂದರೆ ಅದಕ್ಕಿಂತ ಕೆಳಗಿನ ದನಿಯನ್ನು ಸಬ್‌ವೂಫರಿಗೆ ಒಪ್ಪಿಸುವ ಗಡಿ. ಅಂಗೈಯಗಲದ ಪುಟ್ಟ ಸ್ಪೀಕರಾದರೆ 120ರ ಆಸುಪಾಸು ಇರಲಿ. ಸಬ್‌ವೂಫರಿನ ಹಿಂದಿನ ಕ್ರಾಸ್‌ಓವರ್ ಗುಂಡಿಯನ್ನು ಪೂರ್ತಿ ಮೇಲಕ್ಕೆ ತಿರುಗಿಸಿಬಿಡಿ, ಆ ಕೆಲಸ ರಿಸೀವರ್ ಮಾಡುತ್ತದೆ.

ಇಷ್ಟಾದರೂ ಮಾತು ಹಿಂದೆ ಬಿದ್ದರೆ ಮಧ್ಯದ ಸ್ಪೀಕರಿನ ಮಟ್ಟವನ್ನು 2–3 ಡೆಸಿಬೆಲ್ ಏರಿಸಿ. ಹಳೆಯ ಕನ್ನಡ, ತುಳು ಸಿನಿಮಾಗಳಿಗೆ ರಿಸೀವರಿನ ಡಾಲ್ಬಿ ಸರೌಂಡ್ ಮೋಡ್ ಹಾಕಿದರೆ ಮಾತು ಮಧ್ಯಕ್ಕೆ ಬರುತ್ತದೆ. ಪತ್ತನಾಜೆ ಕಳೆದು ಮೇಳಗಳ ತಿರುಗಾಟ ನಿಂತ ಮೇಲೆ ಮನೆಯಲ್ಲೇ ಆಟದ ರೆಕಾರ್ಡಿಂಗ್ ಹಾಕಿ ಕೂರುವವರಿಗೆ ನನ್ನ ಸಲಹೆ ಸಾದಾ ಸ್ಟೀರಿಯೊ. "ಹಾಲ್", "ಸ್ಟೇಡಿಯಂ" ಎಂಬ ಮೋಡುಗಳು ಚೆಂಡೆಯ ಪೆಟ್ಟಿನ ಹರಿತವನ್ನೇ ತೆಗೆದುಬಿಡುತ್ತವೆ.

11. ಮಳೆಗಾಲದ ಆರೈಕೆ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾರಕ್ಕೆ ಎರಡು ಮೂರು ಸಲವಾದರೂ ಸೆಟ್ಟನ್ನು ಒಂದು ಗಂಟೆ ಓಡಿಸಿ. ಒಳಗಿನ ಬಿಸಿಗೆ ತೇವ ಆರುತ್ತದೆ. ಆಟಿ ತಿಂಗಳಲ್ಲಿ ಮನೆ ಬೀಗ ಹಾಕಿ ಹೊರಡುವುದಾದರೆ ಎಲ್ಲ ಪ್ಲಗ್ ಕಿತ್ತು, ಹತ್ತಿ ಬಟ್ಟೆ ಹೊದಿಸಿ. ಪ್ಲಾಸ್ಟಿಕ್ ಹಾಳೆ ಮುಚ್ಚಿದರೆ ತೇವ ಒಳಗೇ ನಿಂತು ಗ್ರಿಲ್ ಬಟ್ಟೆಗೆ ಬೂಸು ಹಿಡಿಯುತ್ತದೆ. ಬೂಸು ಕಂಡರೆ ಗ್ರಿಲ್ ಬಿಚ್ಚಿ ಹೊರಗೆ ಒಯ್ದು ಒಣ ಬ್ರಷ್ಷಿನಿಂದ ತೆಗೆಯಿರಿ. ಕಾಗದದ ಕೋನಿಗೆ ಒದ್ದೆ ಬಟ್ಟೆ ತಾಗಿಸಬೇಡಿ. ರಿಸೀವರಿನ ಗಾಳಿಕಿಂಡಿಯಲ್ಲಿ ಇರುವೆ, ಹಲ್ಲಿ ಮನೆ ಮಾಡುತ್ತವೆ, ಸರ್ಕ್ಯೂಟ್ ಬೋರ್ಡ್ ಶಾರ್ಟ್ ಆಗುವುದಕ್ಕೆ ಒಂದು ಹಲ್ಲಿ ಸಾಕು. ತಿಂಗಳಿಗೊಮ್ಮೆ ಪ್ಲಗ್ ಕಿತ್ತು ಟಾರ್ಚ್ ಹಾಕಿ ಒಳಗೆ ನೋಡಿ. ಮರದ ಸ್ಟ್ಯಾಂಡಿನ ಬುಡದಲ್ಲಿ ಗೆದ್ದಲಿನ ಮಣ್ಣು ಬಂದಿದೆಯೇ ಎಂದೂ ಆಗಲೇ ನೋಡಿಬಿಡಿ.

ವರ್ಷಕ್ಕೊಮ್ಮೆ, ಮಳೆ ಪೂರ್ತಿ ಬಿಟ್ಟ ಮೇಲೆ, ಸ್ಪೀಕರ್ ವಯರುಗಳನ್ನು ಬಿಚ್ಚಿ ತುದಿ ಪರೀಕ್ಷಿಸಿ. ಹಸಿರು ಅಥವಾ ಕಪ್ಪು ಹಿಡಿದ ಅರ್ಧ ಇಂಚು ಕತ್ತರಿಸಿ, ಹೊಸದಾಗಿ ಸುಲಿದು, ಕೆಂಪಿಗೆ ಕೆಂಪು ಕಪ್ಪಿಗೆ ಕಪ್ಪು ನೋಡಿ ಮತ್ತೆ ಬಿಗಿಸಿ. ಈ ಹೊತ್ತಿಗೆ ಸೋಫಾ, ಪರದೆ, ಕಾರ್ಪೆಟ್ ಏನಾದರೂ ಬದಲಾಗಿದ್ದರೆ ಮೈಕ್ ಅಳತೆಯನ್ನೂ ಇನ್ನೊಮ್ಮೆ ಮಾಡಿಕೊಳ್ಳಿ.